ಗಂಟೆ ತಪ್ಪಿತು, ಮಳೆ ತಪ್ಪಲಿಲ್ಲ

‘ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ’ ಎಂಬ ಗಾದೆಯನ್ನು ಯಾರು ಮಾಡಿದರೋ ಗೊತ್ತಿಲ್ಲ. ಉಪ್ಪು ಮಾಡುವವರಂತೂ ಮಾಡಿರಲಾರರು.

ಉಪ್ಪಿನ ಗದ್ದೆಯಲ್ಲಿ ಮಳೆ ಎಂದರೆ ಕಳ್ಳ. ಕಡಲ ನೀರನ್ನು ಕಾಲುವೆಯಿಂದ ಎತ್ತಿ ಪಾತಿಗೆ ತುಂಬಬೇಕು. ವಾರಗಟ್ಟಲೆ ಬಿಸಿಲಿಗೆ ಬಿಟ್ಟು ದಪ್ಪಗಾಗಿಸಬೇಕು. ಆಗ ತಳದಲ್ಲಿ ಹರಳು ಕಟ್ಟುತ್ತದೆ. ಅಷ್ಟರಲ್ಲಿ ಒಂದು ಜೋರು ಮಳೆ ಬಂದರೆ ಮುಗಿಯಿತು, ಹರಳೆಲ್ಲ ಮತ್ತೆ ನೀರು. ಕಳ್ಳನನ್ನು ಹಿಡಿದುಕೊಡೋಣವೆಂದರೆ ಕದ್ದ ಮಾಲಿನ ಜೊತೆ ಅವನೂ ಕರಗಿಹೋಗಿರುತ್ತಾನೆ.

ಈ ಕಳ್ಳನ ಗುರುತು ಹಿಡಿಯುವುದರಲ್ಲಿ ಗಾಳಿಮಾವನನ್ನು ಮೀರಿಸಿದವರಿರಲಿಲ್ಲ. ಬೆಳಗ್ಗೆ ಎದ್ದವನೇ ಬದುವಿನ ಮೇಲೆ ನಿಂತು, ಬೆರಳನ್ನು ಬಾಯಲ್ಲಿಟ್ಟು ಒದ್ದೆ ಮಾಡಿ, ಮೇಲೆತ್ತಿ ಹಿಡಿಯುತ್ತಿದ್ದ. ಬೆರಳಿನ ಯಾವ ಪಕ್ಕ ತಣ್ಣಗಾಗುತ್ತದೋ ಆ ಕಡೆಯಿಂದ ಗಾಳಿ. ನೆಲದ ಕಡೆಯಿಂದ ಗಾಳಿ ಬೀಸಿದರೆ ಇನ್ನೂ ನಾಲ್ಕಾರು ದಿನ ಒಳ್ಳೆಯ ಬಿಸಿಲು. ಕಡಲಿನಿಂದ ಬೀಸಿದರೆ ಎಚ್ಚರ. ಎಷ್ಟೋ ವರ್ಷ ಇಡೀ ಗದ್ದೆಯ ಜನ ಅವನ ಬೆರಳು ನೋಡಿಕೊಂಡೇ ಉಪ್ಪು ಗೋರಿದ್ದರು. ಗಾಳಿಮಾವ ಎಂಬ ಹೆಸರು ಬಂದದ್ದೂ ಹಾಗೆಯೇ.

ಆದರೆ ಈಚೆಗೆ ಆ ಬೆರಳು ಆಗಾಗ ಕೈಕೊಡುತ್ತಿತ್ತು. ಅದನ್ನು ಅವನ ಎದುರಿಗೆ ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಆ ದಿನ ಬೆಳಗ್ಗೆ ಅವನ ಸೊಸೆ ಮೊಬೈಲ್ ಹಿಡಿದುಕೊಂಡು ಬದುವಿನ ಮೇಲೆ ಓಡೋಡಿ ಬಂದಳು.

“ಮಾವ, ನಾಳೆ ಸಂಜೆ ಜೋರು ಮಳೆಯಂತೆ! ಉಪ್ಪು ಇವತ್ತೇ ಗೋರಿಬಿಡೋಣ.”

ಗಾಳಿಮಾವ ಬೆರಳು ಇಳಿಸಲಿಲ್ಲ. “ಗಾಳಿ ನೆಲದ ಕಡೆಯಿಂದ ಬರ್ತಿದೆ. ಆಕಾಶ ತೊಳೆದಿಟ್ಟ ತಟ್ಟೆ ಇದ್ದಂಗಿದೆ. ಮಳೆ ಎಲ್ಲಿಂದ ಬರುತ್ತೆ, ನಿನ್ನ ಮೊಬೈಲಿಂದಾನಾ?”

“ಹವಾಮಾನ ಕಚೇರಿಯವರು ಹೇಳಿದ್ದು ಮಾವ.”

“ಹೋದ ತಿಂಗಳೂ ಅವರೇ ಹೇಳಿದ್ರಲ್ಲ. ನಂಬ್ಕೊಂಡು ಎಳೇ ಉಪ್ಪು ಗೋರಿದ್ವಲ್ಲ. ಬಂತಾ ಮಳೆ? ಒಂದು ಹನಿ? ಈ ಸಂಸಾರದಲ್ಲಿ ಅಂತೆಕಂತೆ ಕೇಳಿ ಉಪ್ಪು ಗೋರೋದು ಅವತ್ತಿಗೇ ಮುಗೀತು.”

ಅದೂ ನಿಜವೇ. ಹೋದ ತಿಂಗಳು ಪಕ್ಕದ ಪಾತಿಯವನು ‘ಮಳೆ ಗ್ಯಾರಂಟಿ, ಗ್ಯಾರಂಟಿ’ ಎಂದು ಗದ್ದೆಯ ತುಂಬ ಕೂಗಿಕೊಂಡು ಬಂದಿದ್ದ. ಅವನನ್ನು ಎಲ್ಲರೂ ರೇಡಿಯೋ ಎನ್ನುತ್ತಾರೆ, ಧ್ವನಿ ಕಡಿಮೆ ಮಾಡುವ ಗುಂಡಿ ಅವನಿಗಿಲ್ಲ. ಅವನ ಮಾತು ಕೇಳಿ ಎಲ್ಲರೂ ಬಲಿಯದ ಉಪ್ಪನ್ನೇ ಗೋರಿದ್ದರು. ಸಣ್ಣ ಹರಳಿಗೆ ಬೆಲೆ ಕಮ್ಮಿ. ಮಳೆ ಬಂದರಿನಾಚೆ ಸುರಿಯಿತು, ಇತ್ತ ತಲೆ ಹಾಕಲಿಲ್ಲ.

ಈ ಸಲದ್ದು ಹಂಗಾಮಿನ ಕೊನೆಯ ದೊಡ್ಡ ಫಸಲು. ನಾಲ್ಕು ಪಾತಿಗಳಲ್ಲಿ ಹರಳು ಮೆಕ್ಕೆಜೋಳದ ಕಾಳಿನಷ್ಟು ದಪ್ಪ ಕಟ್ಟಿತ್ತು. ಇನ್ನೆರಡು ಬಿಸಿಲು ಕಂಡರೆ ಇನ್ನೂ ದಪ್ಪ. ಈ ಉಪ್ಪು ಮಾರಿದ ಮೇಲೆ ಅತ್ತೆಗೆ, ಅಂದರೆ ಗಾಳಿಮಾವನ ಹೆಂಡತಿಗೆ, ನೀರೆತ್ತುವ ಪಂಪು ತರುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ಕಾಲುವೆಯಿಂದ ಪಾತಿಗೆ ನೀರು ಎತ್ತಿ ಎತ್ತಿ ಅತ್ತೆಯ ಬಲ ಭುಜ ಸೋತುಹೋಗಿತ್ತು. ತಲೆ ಬಾಚಿಕೊಳ್ಳಲೂ ಎಡಗೈಯೇ ಬೇಕು. ಪೇಟೆಯ ಅಂಗಡಿಯಲ್ಲಿ ಆಕೆ ಪಂಪನ್ನು ನೋಡಿ, ಹಸು ಕೊಳ್ಳಲು ಹೋದವಳ ಹಾಗೆ ಅದರ ಬೆನ್ನು ತಟ್ಟಿ ಬಂದಿದ್ದಳು. ಈ ಉಪ್ಪು ಕರಗಿದರೆ ಪಂಪು ಮುಂದಿನ ಹಂಗಾಮಿಗೆ. ಅಲ್ಲಿಯವರೆಗೆ ಮತ್ತೆ ಅದೇ ಬಕೆಟ್ಟು, ಅದೇ ಭುಜ.

ಸೊಸೆ ಮಾವನೊಡನೆ ವಾದಕ್ಕೆ ನಿಲ್ಲಲಿಲ್ಲ. ನೇರವಾಗಿ ಬಾವುಟದಕ್ಕನಿಗೆ ಫೋನ್ ಮಾಡಿದಳು.

ಬಾವುಟದಕ್ಕ ಬಂದರಿನ ಹವಾಮಾನ ಕಚೇರಿಯಲ್ಲಿ ಕೆಲಸ ಮಾಡುವಾಕೆ. ಮಳೆ ಅಳೆಯುವುದು, ಗಾಳಿಯ ವೇಗ ನೋಡುವುದು, ಅಪಾಯವಿದ್ದ ದಿನ ದೋಣಿಯವರಿಗೆ ಕಾಣುವಂತೆ ಎತ್ತರದ ಕಂಬಕ್ಕೆ ಎಚ್ಚರಿಕೆಯ ಬಾವುಟ ಏರಿಸುವುದು ಆಕೆಯ ಕೆಲಸ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಸೈಕಲ್ ತುಳಿದುಕೊಂಡು ಬಂದೇಬಿಟ್ಟಳು. ಬಂದವಳೇ ಗುಡಿಸಲ ನೆರಳಿನಲ್ಲಿ ಮಗುಚಿಟ್ಟ ಬುಟ್ಟಿಯ ಮೇಲೆ ಕುಳಿತಳು. ಅತ್ತೆ ಚಹಾ ಕೊಟ್ಟಳು. ಮಗ ಕೋಲು ಕೆಳಗಿಟ್ಟು ಬಂದು ನಿಂತ. ರೇಡಿಯೋನನ್ನು ಯಾರೂ ಕರೆಯಲಿಲ್ಲ, ಆದರೂ ಬಂದ.

“ಬಾಮ್ಮ ಬಾ,” ಎಂದ ಗಾಳಿಮಾವ. “ಹೋದ ತಿಂಗಳ ಮಳೆ ತಂದಿದ್ದೀಯಾ ಚೀಲದಲ್ಲಿ? ನಮಗೆ ಬಾಕಿ ಇದೆ.”

ಬಾವುಟದಕ್ಕ ನಕ್ಕುಬಿಟ್ಟಳು. “ಮಾವ, ಹೋದ ತಿಂಗಳು ನಾವು ಹೇಳಿದ್ದೇನು ಗೊತ್ತಾ? ಮಳೆ ಆಗೋ ಸಾಧ್ಯತೆ ಹತ್ತರಲ್ಲಿ ನಾಲ್ಕು ಅಂತ. ಗ್ಯಾರಂಟಿ ಅಂತ ಯಾರು ಹೇಳಿದ್ರು?”

ಎಲ್ಲರೂ ರೇಡಿಯೋನ ಮುಖ ನೋಡಿದರು.

“ಒಬ್ಬರಿಂದ ಒಬ್ಬರಿಗೆ ಹೋಗ್ತಾ ಹೋಗ್ತಾ ಆ ನಾಲ್ಕು ಎಲ್ಲೋ ಬಿದ್ದುಹೋಗಿರಬೇಕು,” ಎಂದ ರೇಡಿಯೋ, ಜೀವನದಲ್ಲಿ ಮೊದಲ ಬಾರಿಗೆ ಮೆಲ್ಲಗೆ.

“ಹತ್ತರಲ್ಲಿ ನಾಲ್ಕು ಅಂದ್ರೆ ಏನರ್ಥ?” ಎಂದು ಅತ್ತೆ ಕೇಳಿದಳು.

“ಇಂಥದ್ದೇ ಗಾಳಿ, ಇಂಥದ್ದೇ ಮೋಡ, ಇಷ್ಟೇ ಶಾಖ ಇರೋ ಹತ್ತು ದಿನ ತಗೊಳ್ಳಿ ಅತ್ತೆ. ಅದರಲ್ಲಿ ಸುಮಾರು ನಾಲ್ಕು ದಿನ ನಿಮ್ಮ ಗದ್ದೆಗೆ ಮಳೆ ಬರುತ್ತೆ, ಆರು ದಿನ ಬರಲ್ಲ. ಹೋದ ತಿಂಗಳದ್ದು ಆ ಆರರಲ್ಲಿ ಒಂದು ದಿನ.”

“ಇದೊಳ್ಳೆ ಕತೆ!” ಗಾಳಿಮಾವ ತೊಡೆ ತಟ್ಟಿದ. “ಬಂದ್ರೂ ನೀನೇ ಸರಿ, ಬರದಿದ್ರೂ ನೀನೇ ಸರಿ. ಅಡ್ಡಗೋಡೆ ಮೇಲೆ ದೀಪ ಇಟ್ಟಂಗಾಯ್ತು.”

“ಇಟ್ಟರೆ ಎರಡೂ ಕಡೆ ಬೆಳಕಾಗುತ್ತಲ್ಲ ಮಾವ, ಅದಕ್ಕೆ ಯಾಕೆ ಬೈತೀರಿ? ಆದ್ರೆ ನೀವು ಕೇಳಿದ್ದು ನ್ಯಾಯವಾದ ಮಾತು. ನಮ್ಮ ಲೆಕ್ಕ ಸರಿಯೋ ತಪ್ಪೋ ಒಂದು ದಿನ ನೋಡಿ ಹೇಳೋಕಾಗಲ್ಲ. ಹತ್ತರಲ್ಲಿ ನಾಲ್ಕು ಅಂತ ಹೇಳಿದ ದಿನಗಳನ್ನೆಲ್ಲ ಸೇರಿಸಿ ನೋಡಬೇಕು. ನೂರು ಸಲ ಹಾಗೆ ಹೇಳಿ, ಸುಮಾರು ನಲವತ್ತು ಸಲ ಮಳೆ ಬಂದಿದ್ರೆ ಲೆಕ್ಕ ಸರಿ. ನೂರಕ್ಕೆ ಐದು ಸಲ ಮಾತ್ರ ಬಂದಿದ್ರೆ ಆಗ ನೀವು ನಮ್ಮನ್ನ ಬೈಬಹುದು. ಹಾಗೆ ಸೇರಿಸಿ ನೋಡೋದೇ ನಮ್ಮ ಅರ್ಧ ಕೆಲಸ.”

“ನಾಳೆದು ಎಷ್ಟು?” ಎಂದು ಗಾಳಿಮಾವ ಕೇಳಿದ.

“ಹತ್ತರಲ್ಲಿ ಎಂಟು. ಅದೂ ಜೋರು ಮಳೆ. ಅದಕ್ಕೇ ಊಟ ಬಿಟ್ಟು ಬಂದಿದ್ದೀನಿ.”

ಗಾಳಿಮಾವ ಎದ್ದು ಹೊರಗೆ ಬಂದ. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಪಾತಿಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಬೆರಳನ್ನು ಒದ್ದೆ ಮಾಡಿ ಎತ್ತಿ ಹಿಡಿದ.

“ಈಗಲೂ ನೆಲದ ಗಾಳಿನೇ. ನನ್ನ ಬೆರಳು ಸುಳ್ಳು ಹೇಳ್ತಿದೆಯಾ?” ಈ ಸಲ ಅವನ ದನಿಯಲ್ಲಿ ಕುಹಕವಿರಲಿಲ್ಲ. ನಿಜಕ್ಕೂ ಕೇಳುತ್ತಿದ್ದ.

ಬಾವುಟದಕ್ಕನೂ ಎದ್ದು ಬಂದು ಪಕ್ಕದಲ್ಲಿ ನಿಂತಳು. “ಬೆರಳು ನಿಜವನ್ನೇ ಹೇಳ್ತಿದೆ ಮಾವ. ಈ ಗಳಿಗೆ, ಈ ಬದುವಿನ ಮೇಲೆ ಗಾಳಿ ಹೇಗಿದೆ ಅಂತ. ಆದ್ರೆ ಆಕಾಶ ಕಡಲನ್ನ ಮುಟ್ಟೋ ಆ ಗೆರೆ ಇದೆಯಲ್ಲ, ಅದರಾಚೆ ಇರೋದು ನಿಮ್ಮ ಕಣ್ಣಿಗೂ ಕಾಣಲ್ಲ, ನನ್ನ ಕಣ್ಣಿಗೂ ಕಾಣಲ್ಲ. ಉಪಗ್ರಹಕ್ಕೆ ಕಾಣುತ್ತೆ. ಅಲ್ಲಿ ನಿನ್ನೆಯಿಂದ ಮೋಡ ಸುತ್ತಿಕೊಂಡು ಸುತ್ತಿಕೊಂಡು ದೊಡ್ಡದಾಗ್ತಿದೆ. ಈ ಕಡೆಗೇ ಹೊರಟಿದೆ.”

“ನಮ್ಮಪ್ಪನ ಕಾಲದಲ್ಲಿ ಈ ತಿಂಗಳಲ್ಲಿ ಇಂಥ ಮಳೆ ಇರಲೇ ಇಲ್ಲ. ಕಡಲು ಹೇಳಿದ ಮಾತಿಗೆ ತಪ್ತಿರಲಿಲ್ಲ.”

“ಅದೂ ನಿಜ. ಆಗಿನ ಕಡಲಿಗಿಂತ ಈಗಿನ ಕಡಲು ಬೆಚ್ಚಗಿದೆ. ಬೆಚ್ಚಗಿನ ನೀರು ಹೆಚ್ಚು ಆವಿಯಾಗುತ್ತೆ. ಬಿಸಿ ಗಾಳಿ ಹೆಚ್ಚು ಆವಿ ಹೊರುತ್ತೆ, ಸುರಿದಾಗ ಒಟ್ಟಿಗೇ ಸುರಿಯುತ್ತೆ. ಇದರ ಜೊತೆಗೆ ಇನ್ನೊಂದಿದೆ. ತುಂಬ ದೂರದಲ್ಲಿ ಒಂದು ಮಹಾಸಾಗರ. ಅದರ ಮೇಲ್ನೀರು ಕೆಲವು ವರ್ಷ ಮಾಮೂಲಿಗಿಂತ ಬೆಚ್ಚಗಾಗುತ್ತೆ, ಕೆಲವು ವರ್ಷ ತಣ್ಣಗಾಗುತ್ತೆ. ಅಲ್ಲಿ ಹಾಗಾದ್ರೆ ಲೋಕದ ಎಷ್ಟೋ ಕಡೆ ಗಾಳಿಯ ದಾರಿ, ಮಳೆಯ ದಾರಿ ಬದಲಾಗುತ್ತೆ.”

“ಎಲ್ಲಿಗೆಲ್ಲಿಯ ಸಂಬಂಧ!” ಎಂದ ಮಗ.

“ಮೇಲಿನ ಪಾತಿಯ ತೂಬು ತೆಗೆದ್ರೆ ಕೆಳಗಿನ ಪಾತಿಯ ನೀರು ಏರಲ್ವಾ? ಹಾಗೇನೇ. ಅಲ್ಲಿನ ಬಿಸಿ ನೋಡಿ, ಈ ಸಲದ ಹಂಗಾಮು ಒಟ್ಟಾರೆ ಹೇಗಿರಬಹುದು ಅಂತ ತಿಂಗಳುಗಟ್ಟಲೆ ಮೊದಲೇ ಅಂದಾಜು ಮಾಡಬಹುದು. ಆದ್ರೆ ಅದು ಬರೀ ಒಟ್ಟು ಅಂದಾಜು. ಯಾವ ದಿನ ಮಳೆ ಅಂತ ಅದರಿಂದ ಗೊತ್ತಾಗಲ್ಲ. ದಿನದ ಮಾತು ತಿಳೀಬೇಕಾದ್ರೆ ಆ ದಿನ ಹತ್ತಿರ ಬರಬೇಕು. ಮುಂದಿನ ವಾರದ ಮಾತಿಗಿಂತ ನಾಳೆಯ ಮಾತು ಗಟ್ಟಿ. ನಾಳೆಯ ಮಾತಿಗಿಂತ ಮುಂದಿನ ಎರಡು ಗಂಟೆಯ ಮಾತು ಇನ್ನೂ ಗಟ್ಟಿ.”

ಗಾಳಿಮಾವ ಪಾತಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಒಂದು ಹರಳೆತ್ತಿ ಬೆಳಕಿಗೆ ಹಿಡಿದ. “ಇನ್ನೆರಡೇ ಬಿಸಿಲು ಕಣಮ್ಮ. ಎರಡು ಬಿಸಿಲು ಸಿಕ್ಕಿದ್ರೆ ಇದು ರಾಜನಂಥ ಉಪ್ಪು.”

“ಬೆಳ್ಳಗಿದ್ದರೆ ಸಾಕು, ರಾಜನ ಹಾಗೆ ಕಾಣದಿದ್ರೂ ಪರವಾಗಿಲ್ಲ,” ಎಂದಳು ಅತ್ತೆ. ಲೋಟ ತೊಳೆಯುತ್ತ ಕೇಳುತ್ತಿದ್ದವಳು ಈಗ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು. “ನೋಡಿ, ನನಗೆ ಉಪಗ್ರಹ ಗೊತ್ತಿಲ್ಲ. ಇವಳ ಮಾತು ನಂಬಿ ಉಪ್ಪು ಗೋರಿದ್ವಿ, ಮಳೆ ಬರಲಿಲ್ಲ ಅಂತಿಟ್ಕೊಳ್ಳಿ. ಏನು ಹೋಗುತ್ತೆ?”

“ಹರಳು ಸ್ವಲ್ಪ ಚಿಕ್ಕದು. ಬೆಲೆ ಸ್ವಲ್ಪ ಕಮ್ಮಿ,” ಎಂದ ಗಾಳಿಮಾವ.

“ನಂಬದೆ ಬಿಟ್ವಿ, ಮಳೆ ಬಂತು. ಆಗ ಏನು ಹೋಗುತ್ತೆ?”

ಅತ್ತೆಯ ಬಲಗೈ ಅವಳಿಗೆ ತಿಳಿಯದೆಯೇ ಹಣೆಯ ಕೂದಲು ಸರಿಸಲು ಹೋಗಿ, ಅಲ್ಲಿಯವರೆಗೆ ಏರಲಾರದೆ ನಡುವೆಯೇ ನಿಂತಿತು. ಗಾಳಿಮಾವ ಅದನ್ನು ನೋಡಿದ.

“ಕೊಡೆ ಹಿಡ್ಕೊಂಡು ಹೋಗಿ ಮಳೆ ಬರದಿದ್ರೆ ಕೈ ನೋಯುತ್ತೆ, ಅಷ್ಟೇ,” ಎಂದಳು ಅತ್ತೆ. “ಅದಕ್ಕಿಂತ ಹೆಚ್ಚು ನೋವು ಈ ಕೈ ಕಂಡಿದೆ.”

ಗಾಳಿಮಾವ ಹರಳನ್ನು ಪಾತಿಗೆ ಎಸೆದು ಎದ್ದುನಿಂತ. “ಏಯ್, ಏನು ಎಲ್ಲರೂ ಬೊಂಬೆ ಥರ ನಿಂತಿದ್ದೀರಿ? ಗೋರೋ ಕೋಲು ತಗೊಳ್ರೋ! ಬಲಿತಿರೋ ನಾಲ್ಕು ಪಾತಿ ಗೋರಬೇಕು!”

ಅಷ್ಟು ಸಾಕಾಯಿತು. ಮಗ ಕೋಲಿಗೆ ಓಡಿದ, ಸೊಸೆ ಬುಟ್ಟಿಗೆ. ರೇಡಿಯೋ ತನ್ನ ಪಾತಿಯ ಕಡೆ ಓಡುತ್ತ ಗದ್ದೆಗೆಲ್ಲ ಕೇಳುವಂತೆ ಕೂಗತೊಡಗಿದ: “ನಾಳೆ ಸಂಜೆ ಜೋರು ಮಳೆ! ಹತ್ತರಲ್ಲಿ ಎಂಟು! ಗ್ಯಾರಂಟಿ ಅಲ್ಲ, ಎಂಟು, ಎಂಟು!”

“ಈಗ ಸರಿಯಾಗಿ ಹೇಳಿದೆ ನೋಡು!” ಎಂದು ಬಾವುಟದಕ್ಕ ಸೈಕಲ್ಲಿನ ಮೇಲಿಂದಲೇ ಕೂಗಿದಳು.

ಅಂದು ಕತ್ತಲಾಗುವವರೆಗೆ ಎರಡು ಪಾತಿ ಮುಗಿಯಿತು. ಮಾರನೆಯ ದಿನ ಬೆಳಕು ಹರಿಯುತ್ತಲೇ ಮೂರನೆಯದಕ್ಕೆ ಇಳಿದರು. ಉದ್ದ ಕೋಲಿನ ತುದಿಯ ಹಲಗೆಯಿಂದ ಹರಳನ್ನು ಮೆಲ್ಲಗೆ ಎಳೆದು ಬದುವಿಗೆ ತರಬೇಕು, ತಳದ ಕೆಸರು ಏಳಬಾರದು. ಅವಸರವೂ ಬೇಕು, ಅವಸರ ಮಾಡಲೂಬಾರದು. ಗೋರಿದ ಉಪ್ಪನ್ನು ಬುಟ್ಟಿಯಲ್ಲಿ ಹೊತ್ತು ಎತ್ತರದ ಕಟ್ಟೆಯ ಮೇಲೆ ರಾಶಿ ಹಾಕಬೇಕು. ಅತ್ತೆ ಎಡಗೈಯಲ್ಲೇ ರಾಶಿಯ ಬದಿಗಳನ್ನು ತಟ್ಟಿ ಗಟ್ಟಿ ಮಾಡುತ್ತಿದ್ದಳು. ಸೊಸೆ ಆಗಾಗ ಮೊಬೈಲ್ ನೋಡಿ ಸುದ್ದಿ ಕೊಡುತ್ತಿದ್ದಳು. “ಬಂದರಲ್ಲಿ ಬಾವುಟ ಏರಿಸಿದ್ದಾರಂತೆ! ಮೋಡ ನಿನ್ನೆಗಿಂತ ಬೇಗ ಬರ್ತಿದೆಯಂತೆ!”

ಆಗ ಮಗ ಕೇಳಿದ, “ಅಪ್ಪಾ, ಕೆಳಗಿನ ಪಾತಿಗಳ ಗತಿ? ಅವು ಹರಳೇ ಕಟ್ಟಿಲ್ಲ. ನೀರು ದಪ್ಪಗಾಗಿದೆ ಅಷ್ಟೇ. ಗೋರೋಕೆ ಏನೂ ಇಲ್ಲ. ಮಳೆ ಬಿದ್ರೆ ಅಮ್ಮ ಎತ್ತಿದ ಅಷ್ಟೂ ನೀರು ದಂಡ.”

ಗಾಳಿಮಾವನ ಮುಖ ಅರಳಿತು. ಎರಡು ದಿನದಿಂದ ಯಾರಾದರೂ ತನ್ನನ್ನು ಕೇಳಲೆಂದೇ ಅವನು ಕಾಯುತ್ತಿದ್ದನೇನೋ. “ಮೋಡದ ವಿಷಯ ಅವಳಿಗೆ ಗೊತ್ತು, ನೀರಿನ ವಿಷಯ ನನಗೆ ಗೊತ್ತು. ಆ ದಪ್ಪ ನೀರನ್ನೆಲ್ಲ ಆಳದ ಪಾತಿಗೆ ಇಳಿಸು. ದಪ್ಪ ನೀರು ಭಾರ, ಮಳೆನೀರು ಹಗುರ. ಆಳ ಇದ್ರೆ ಮಳೆನೀರು ಬೇಗ ಬೆರೆಯಲ್ಲ, ಮೇಲೇ ತೇಲುತ್ತೆ. ಮಳೆ ನಿಂತ ಕೂಡಲೇ ತೂಬಿನ ಮೇಲ್ಹಲಗೆ ಒಂದನ್ನೇ ತೆಗೀಬೇಕು. ಮೇಲಿನ ನೀರು ಹೋಗುತ್ತೆ, ಕೆಳಗಿನ ದಪ್ಪ ನೀರು ಉಳಿಯುತ್ತೆ. ಆದ್ರೆ ಅದನ್ನ ಮಳೆಗೆ ಮುಂಚೆ ಇಳಿಸಿರಬೇಕು. ಅದಕ್ಕೇ ಮಳೆ ಯಾವಾಗ ಅಂತ...”

ಸೊಸೆ ನಕ್ಕಳು. “ಹೇಳಿ ಮಾವ, ಮಳೆ ಯಾವಾಗ ಅಂತ?”

“ಮೊದಲೇ ಗೊತ್ತಿರಬೇಕು. ಸಾಕಾ? ಹೋಗು, ಬುಟ್ಟಿ ಹೊರು.”

ಮಗ ದಪ್ಪ ನೀರನ್ನೆಲ್ಲ ಆಳದ ಪಾತಿಗೆ ಇಳಿಸಿ ಮುಗಿಸಿದ. ಊಟದ ಹೊತ್ತಿಗೆ ನೆಲದ ಗಾಳಿ ಒಮ್ಮೆಲೇ ಸತ್ತುಹೋಯಿತು. ಗಾಳಿಮಾವ ಬೆರಳೆತ್ತಿದ. ಯಾವ ಪಕ್ಕವೂ ತಣ್ಣಗಾಗಲಿಲ್ಲ. ಕಡಲಿನ ಮೇಲೆ ಕಪ್ಪು ಗೆರೆಯೊಂದು ಕಂಡಿತು. ನೋಡನೋಡುತ್ತಿದ್ದಂತೆ ಅದು ಗೋಡೆಯಾಯಿತು.

“ಸಂಜೆ ಅಂದಿದ್ರಲ್ಲ!” ಮಗ ಕಿರುಚಿದ.

“ಮಳೆಗೆ ಗಡಿಯಾರ ಎಲ್ಲಿದೆಯೋ? ಟಾರ್ಪಾಲು ಎಳಿ!”

ನಾಲ್ಕನೆಯ ಪಾತಿಯಲ್ಲಿ ಇನ್ನೂ ಅರ್ಧ ಉಪ್ಪು ಉಳಿದಿತ್ತು. ಗಾಳಿಮಾವ ಅದರ ಕಡೆ ಒಮ್ಮೆ ನೋಡಿ, ಕೋಲು ಬಿಸುಟು ರಾಶಿಯ ಕಡೆ ಓಡಿದ. ನಾಲ್ವರೂ ನಾಲ್ಕು ಮೂಲೆ ಹಿಡಿದರು. ಟಾರ್ಪಾಲು ಗಾಳಿಗೆ ಹಾಯಿಯಂತೆ ಉಬ್ಬಿ ಸೊಸೆಯನ್ನು ನೆಲದಿಂದ ಎತ್ತಿಬಿಡುವ ಹಾಗಾಯಿತು. ಅತ್ತೆ ತನ್ನ ಮೂಲೆಯ ಮೇಲೆ ಸೀದಾ ಕುಳಿತೇಬಿಟ್ಟಳು. “ನಾನಿರೋವಾಗ ಕಲ್ಲು ಯಾಕೆ? ಉಳಿದ ಕಡೆ ಇಡ್ರೋ!” ಕೊನೆಯ ಹಗ್ಗ ಬಿಗಿಯುವಷ್ಟರಲ್ಲಿ ಮೊದಲ ಹನಿಗಳು ಟಾರ್ಪಾಲಿನ ಮೇಲೆ ಕಲ್ಲೆಸೆದ ಹಾಗೆ ಬಿದ್ದವು.

ಆಮೇಲೆ ಕಡಲು, ಆಕಾಶ, ಗದ್ದೆ ಯಾವುದೂ ಕಾಣಲಿಲ್ಲ.

ಮಳೆ ನಿಂತದ್ದೇ ತಡ, ಗಾಳಿಮಾವ ಮೊಣಕಾಲುದ್ದದ ಕೆಸರಿನಲ್ಲಿ ತೂಬಿನ ಕಡೆ ಓಡಿದ. ಮೇಲ್ಹಲಗೆಯನ್ನು ಎಳೆದು ತೆಗೆದ. ನೀರು ಹೊರಗೆ ಧುಮುಕಿತು. ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡ.

“ಸಪ್ಪೆ!” ಎಂದು ಕೂಗಿದ. ಮತ್ತೆ ಅದ್ದಿದ. “ಸಪ್ಪೆ! ಕೇಳ್ತಾ? ಇನ್ನೂ ಸಪ್ಪೆ!”

ಬದುವಿನ ಮೇಲೆ ತೊಪ್ಪೆಯಾಗಿ ನಿಂತಿದ್ದ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಜೀವಮಾನವೆಲ್ಲ ಉಪ್ಪು ಮಾಡಿದವರು ಸಪ್ಪೆ ಅಂತ ಕುಣಿಯೋದನ್ನ ಇವತ್ತೇ ನೋಡಿದ್ದು!”

ಸ್ವಲ್ಪ ಹೊತ್ತಿನ ಮೇಲೆ ಅವನ ಮುಖ ಕಿವುಚಿತು. “ಉಪ್ಪು! ಹಾಕು ಹಲಗೆ!” ಮಗ ಹಲಗೆಯನ್ನು ಮತ್ತೆ ಇಳಿಸಿದ. ಅತ್ತೆ ಎತ್ತಿದ್ದ ದಪ್ಪ ನೀರು ಒಳಗೇ ಉಳಿಯಿತು.

ಸಂಜೆ ಬಾವುಟದಕ್ಕ ಬಂದಾಗ ಟಾರ್ಪಾಲಿನ ಒಂದು ಮೂಲೆ ಎತ್ತಿ ತೋರಿಸಿದರು. ಒಳಗೆ ಉಪ್ಪು ಬೆಳ್ಳಗೆ, ಒಣಗಿ, ನೆಮ್ಮದಿಯಾಗಿ ಕುಳಿತಿತ್ತು. ನಾಲ್ಕನೆಯ ಪಾತಿಯ ಅರ್ಧ ಹೋಗಿತ್ತು. ಉಳಿದದ್ದೆಲ್ಲ ಇತ್ತು.

“ಸಂಜೆ ಮಳೆ ಅಂದೆ, ಮಧ್ಯಾಹ್ನವೇ ಬಂತಲ್ಲಮ್ಮ,” ಎಂದ ಗಾಳಿಮಾವ, ಹುಸಿ ಸಿಟ್ಟಿನಿಂದ.

“ತಪ್ಪಾಯ್ತು ಮಾವ. ಬೆಳಗ್ಗೆ ಬದಲಾದ ಸುದ್ದಿ ಕಳಿಸಿದ್ವಿ, ಆದ್ರೂ ನಾವು ಅಂದ್ಕೊಂಡಿದ್ದಕ್ಕಿಂತ ಬೇಗ ಬಂತು.”

“ಗಂಟೆ ತಪ್ಪಿತು, ಮಳೆ ತಪ್ಪಲಿಲ್ಲ. ಹೋಗಲಿ ಬಿಡು. ನನ್ನ ಬೆರಳಿಗೆ ಎರಡೂ ತಪ್ಪಿತ್ತು.” ಆಮೇಲೆ ಬೇರೆ ಕಡೆ ನೋಡುತ್ತ ಕೇಳಿದ: “ನಿನ್ನ ಹತ್ರ ಹಳೇ ಬಾವುಟ ಒಂದು ಇದ್ರೆ ಕೊಡು. ಇಲ್ಲಿ ಗದ್ದೆಯಲ್ಲೂ ಒಂದು ಕಂಬ ನಿಲ್ಲಿಸ್ತೀನಿ. ದಿನಾ ಬೆಳಗ್ಗೆ ಹೇಗೂ ಬೆರಳೆತ್ತಿಕೊಂಡು ನಿಂತಿರ್ತೀನಿ. ಸೊಸೆ ನಿಮ್ಮ ಸುದ್ದಿ ಓದಿ ಹೇಳಲಿ. ಏರಿಸೋದು ನಾನು. ಆದ್ರೆ ಆ ರೇಡಿಯೋನ ಕೈಗೆ ಮಾತ್ರ ಹಗ್ಗ ಕೊಡಲ್ಲ.”

ಈಗ ಆ ಗದ್ದೆಗೆ ಹೋದರೆ ದೂರದಿಂದಲೇ ಕಂಬ ಕಾಣುತ್ತದೆ. ಹತ್ತಿರ ಹೋದರೆ ಗುಡುಗುಡು ಸದ್ದು ಕೇಳುತ್ತದೆ. ಅದು ಗುಡುಗಲ್ಲ, ಅತ್ತೆಯ ಪಂಪು. ಆಕೆ ಪಕ್ಕದಲ್ಲಿ ಕುಳಿತು ಬಲಗೈಯಲ್ಲಿ ತಲೆ ಬಾಚಿಕೊಳ್ಳುತ್ತಿರುತ್ತಾಳೆ. ಇನ್ನೂ ಪೂರ್ತಿ ಎತ್ತಲು ಬರುವುದಿಲ್ಲ, ಆದರೆ ಕೈ ಕಿವಿಯವರೆಗೆ ಬಂದಿದೆ.

ಈ ಕಥೆ ಕೇಳಿದ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮದು ಉಪ್ಪಿನ ಗದ್ದೆಯಲ್ಲದಿರಬಹುದು. ಇಟ್ಟಿಗೆ ಒಣಗಿಸುವವರಿರಬಹುದು, ಮೀನು ಒಣಗಿಸುವವರಿರಬಹುದು, ದೋಣಿ ಇಳಿಸುವವರಿರಬಹುದು, ಮಗುವಿನ ಬಟ್ಟೆ ಒಣಹಾಕಿ ಕೆಲಸಕ್ಕೆ ಹೋಗುವವರೂ ಇರಬಹುದು. ಹವಾಮಾನದ ಸುದ್ದಿಯನ್ನು ದಿನಾ ನೋಡಿ, ಹವಾಮಾನ ಕಚೇರಿಯಿಂದ ಬಂದದ್ದನ್ನೇ ನೋಡಿ. ಮುಂದಿನ ವಾರದ ಮಾತನ್ನು ಕೇಳಿ ಸಿದ್ಧರಾಗಿ, ನಾಳೆಯ ಮಾತನ್ನು ಕೇಳಿ ಕೆಲಸಕ್ಕಿಳಿಯಿರಿ, ಅಂದು ಬೆಳಗ್ಗೆ ಇನ್ನೊಮ್ಮೆ ನೋಡಿ. ಹತ್ತರಲ್ಲಿ ಎಷ್ಟು ಎಂದು ಕೇಳಿಕೊಳ್ಳದೆ ಯಾರಿಗೂ ದಾಟಿಸಬೇಡಿ. ಒಂದು ಸಲ ತಪ್ಪಿತೆಂದು ಕೈಬಿಡಬೇಡಿ. ನಂಬಿ ಮಳೆ ಬರದಿದ್ದರೆ ಏನು ಹೋಗುತ್ತದೆ, ನಂಬದೆ ಮಳೆ ಬಂದರೆ ಏನು ಹೋಗುತ್ತದೆ ಎಂಬ ಅತ್ತೆಯ ಪ್ರಶ್ನೆಯನ್ನು ನಿಮ್ಮ ಮನೆಯಲ್ಲೂ ಒಮ್ಮೆ ಕೇಳಿ ನೋಡಿ.

ನಾಳೆ ನಿಮ್ಮ ಊರಿನಲ್ಲಿ ಹತ್ತರಲ್ಲಿ ಎಷ್ಟು? ಇವತ್ತೇ ನೋಡಿಕೊಳ್ಳಿ. ಟಾರ್ಪಾಲು ಎಲ್ಲಿದೆ ಎಂಬುದನ್ನೂ.